ಬೇಲಿ ಕತ್ತರಿಸಿದವಳು

ಸಾಸೇಜಿನ ಸಾಲಿನಲ್ಲಿ ತನ್ನ ಮುಂದೆ ಹನ್ನೊಂದು ಜನ ಇದ್ದಾರೆ ಎಂದು ನೋರೀನ್ ಎಣಿಸಿದಳು; ಎಣಿಸಿ ಮುಗಿದ ಮೇಲೆ ಮತ್ತೊಮ್ಮೆ ಎಣಿಸಿದಳು. ಸುಮ್ಮನೆ ನಿಂತರೆ ಮನಸ್ಸು ಕೈಚೀಲದೊಳಗೆ ನಾಲ್ಕು ಮಡಿಕೆಯಾಗಿ ಕೂತಿರುವ ಹಳದಿ ಕಾಗದದ ಕಡೆಗೆ ಹೋಗುತ್ತಿತ್ತು. ಸ್ಪರ್ಧೆಯ ಆ ಅಂಕಪಟ್ಟಿಯನ್ನು ನಿನ್ನೆ ಸಂಜೆಯಿಂದ ಆರು ಸಲ ಓದಿದ್ದಾಳೆ. ಧ್ವನಿಗೆ ಇಪ್ಪತ್ತಕ್ಕೆ ಹದಿನೆಂಟು. ಹಾವಭಾವಕ್ಕೆ ಹದಿನೈದು. ಪಾಠಶುದ್ಧಿ ಎಂಬ ಖಾನೆಯಲ್ಲಿ ಆರು ಅಂಕ ಕಳೆದು, ಪಕ್ಕದಲ್ಲಿ ತೀರ್ಪುಗಾರ್ತಿಯ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಒಳ್ಳೆಯ ಕಂಠ. ಆದರೆ ಪದ್ಯವನ್ನು ಸರಿಯಾಗಿ ಬಾಯಿಪಾಠ ಮಾಡಿಕೊಂಡು ಬರಬೇಕು.' ಸರಿಯಾಗಿ ಬಾಯಿಪಾಠ ಮಾಡಿಕೊಂಡು ಬರಬೇಕಂತೆ. ಯಾರ ಪದ್ಯವನ್ನು? ತಾನೇ ಬರೆದದ್ದನ್ನು. ಮೂವತ್ತನೆಯ ವಯಸ್ಸಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ಕುರಿಯ ಔಷಧಿ ಕಂಪನಿಯವರು ಬಿಟ್ಟಿ ಕೊಟ್ಟ ಕ್ಯಾಲೆಂಡರಿನ ಬೆನ್ನಿಗೆ, ಹನ್ನೆರಡು ದಿನ ಕೂತು, ಒಂದೊಂದು ಸಾಲನ್ನೂ ಬೆರಳಿನಿಂದ ಮೇಜು ಕುಟ್ಟಿ ತೂಗಿ ನೋಡಿ ಬರೆದದ್ದನ್ನು. ಮುಂದಿದ್ದವನು ಒಂದು ಹೆಜ್ಜೆ ಸರಿದ. ಹತ್ತು ಜನ.

ಕರ್ರಬಿಲ್ ಊರಿನ ಪ್ರದರ್ಶನ ಮೈದಾನದಲ್ಲಿ ಬಿಸಿಲು ಆಗಲೇ ಚುರುಕಾಗಿತ್ತು. ನೀಲಗಿರಿ ಮರಗಳ ಕೆಳಗೆ ಕಾರಿನ ಹಿಂದೆ ಕಟ್ಟಿ ತಂದ ಗಾಲಿಮನೆಗಳು, ಎಂದರೆ ಕ್ಯಾರವಾನುಗಳು, ಅವುಗಳ ಮುಂದೆ ಮಡಚುಕುರ್ಚಿ, ಹಲ್ಲುಜ್ಜುತ್ತಲೇ ಪದ್ಯ ಗುನುಗುವ ಗಂಡಸರು. ಕುರಿ, ದನ, ಬೆಂಕಿ, ಬರಗಾಲದ ಒಳನಾಡಿನ ಬದುಕನ್ನು ಪ್ರಾಸ ಹಿಡಿದು ಹೇಳುವ ಈ ಬುಷ್ ಕವಿಗಳ ಕೂಟ ವರ್ಷಕ್ಕೆ ಎರಡು ದಿನ: ಶನಿವಾರ ಸ್ಪರ್ಧೆ, ಭಾನುವಾರ ಬೆಳಿಗ್ಗೆ ತಿಂಡಿಯ ಜೊತೆಗೆ ಯಾರು ಬೇಕಾದರೂ ಎದ್ದು ಹೇಳಬಹುದಾದ ಪದ್ಯ. ಕುರಿಗಳನ್ನು ತೀರ್ಪಿಗೆ ನಿಲ್ಲಿಸುವ ತಗಡಿನ ಚಪ್ಪರದಲ್ಲಿ ಈಗ ಹುಲ್ಲಿನ ಪೆಂಡಿಗಳ ಮೇಲೆ ಮುನ್ನೂರು ಜನ ಕೂತಿದ್ದರು. ಇವರಲ್ಲಿ ಮುಕ್ಕಾಲು ಪಾಲಿನವರನ್ನು ನೋರೀನ್ ಬಲ್ಲಳು. ಇಪ್ಪತ್ತು ವರ್ಷದಿಂದ ಇವರಿಗೆ ಸ್ಕೋನು ಬೇಯಿಸಿ ಕೊಟ್ಟಿದ್ದಾಳೆ. ಸ್ಕೋನು ಯಾರದು ಎಂಬುದನ್ನು ಮಾತ್ರ ಇವರು ಎಂದೂ ಮರೆತಿಲ್ಲ. 'ನೋರೀನ್ ಮಾಡಿದ್ದಾ? ಹಾಗಾದ್ರೆ ಎರಡು ಕೊಡು' ಎಂದು ಹೆಸರು ಹಿಡಿದೇ ಕೇಳುತ್ತಾರೆ. ಹಿಟ್ಟು, ಬೆಣ್ಣೆ, ಹಾಲು ಕಲಸಿದ್ದಕ್ಕೆ ಹೆಸರಿದೆ. ಆ ಯೋಚನೆ ಬಂದದ್ದೇ ಅವಳ ಕಿವಿ ಬಿಸಿಯಾಯಿತು.

ನಿನ್ನೆ ತೀರ್ಪುಗಾರ್ತಿ ವರ್ನಾ ಸ್ಟಾಕ್‌ಡೇಲ್ ಅವಳನ್ನು ಕರೆದದ್ದು ತೀರ್ಪುಗಾರರ ಮೇಜಿನ ಹಿಂದಕ್ಕೆ. ವರ್ನಾ ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು; ಈಗಲೂ ಎದುರಿಗಿರುವವರು ಮೂರನೆಯ ತರಗತಿಯವರು ಎಂಬಂತೆಯೇ ತಲೆ ಓರೆಮಾಡಿ ಮಾತಾಡುತ್ತಾಳೆ. "ನೋರೀನ್, ಬೇಜಾರು ಮಾಡ್ಕೋಬೇಡ ಕಣೇ," ಎಂದು ಮೊಣಕೈ ಮುಟ್ಟಿದಳು. "ನೀನು ಸ್ವಂತ ಪದ್ಯದ ವಿಭಾಗಕ್ಕೆ ಹೆಸರು ಕೊಟ್ಟಿದೀಯ. ಆದ್ರೆ 'ಬೇಲಿ' ಹಳೇ ಪದ್ಯ. ಡಾರ್ಸಿ ಇಪ್ಪತ್ತು ವರ್ಷದಿಂದ ಹೇಳ್ತಿದಾನೆ. ಅವನ ಸಿ.ಡಿ. ಮೇಲೂ ಇದೆ, 'ಸಾಂಪ್ರದಾಯಿಕ, ಕವಿ ಅಜ್ಞಾತ' ಅಂತ."

"ಅಜ್ಞಾತ ಅಲ್ಲ. ನಾನು."

ವರ್ನಾ ಅವಳನ್ನೇ ನೋಡಿದಳು. ಆ ನೋಟದಲ್ಲಿ ಅನುಮಾನವಿದ್ದಿದ್ದರೂ ತಡೆದುಕೊಳ್ಳಬಹುದಿತ್ತು, ಅದರಲ್ಲಿದ್ದದ್ದು ಕನಿಕರ. "ಆಗುತ್ತೆ ನೋರೀನ್. ಒಂದು ಪದ್ಯನ ಅಷ್ಟು ವರ್ಷ ಕೇಳ್ತಾ ಇದ್ರೆ ನಮ್ಮದೇ ಅನ್ಸಿಬಿಡುತ್ತೆ. ನನಗೂ ಒಂದೆರಡು ಸಲ ಹಾಗಾಗಿದೆ."

"ನಿನಗೆ ಅನ್ಸಿರಬಹುದು. ನಾನು ಬರೆದಿದೀನಿ."

"ಕೆಳಗೆ ಸಹಿ ಬೇರೆ ಹಾಕಿದೀಯ, 'ಇದು ನನ್ನ ಸ್ವಂತ ರಚನೆ' ಅಂತ. ನಿಯಮದ ಪ್ರಕಾರ ಹೋದ್ರೆ ಇದಕ್ಕೆ ಕಳ್ಳತನ ಅನ್ಬೇಕಾಗುತ್ತೆ. ನೀನು ಅಂಥವಳಲ್ಲ ಅಂತ ನನಗೆ ಗೊತ್ತಿಲ್ವಾ? ಅದಕ್ಕೇ ಯಾರಿಗೂ ಹೇಳ್ದೆ ಪರರ ಪದ್ಯದ ವಿಭಾಗಕ್ಕೆ ಹಾಕಿದೀನಿ. ಅಲ್ಲಿ ನಾಲ್ಕನೇ ಸ್ಥಾನ ಬಂದಿದೆ ನಿಂಗೆ. ಸಾಲು ತಪ್ಪಿಸದೇ ಇದ್ದಿದ್ರೆ ಎರಡನೇದು ಬರ್ತಿತ್ತು."

"ಯಾವ ಸಾಲು ತಪ್ಪಿಸ್ದೆ?"

"ಟೊಪ್ಪಿ ಅನ್ನೋ ಕಡೆ ಏಪ್ರನ್ ಅಂದೆ. ನೆಡ್ ಅನ್ನೋ ಕಡೆ ಯಾವುದೋ ಹೆಂಗಸಿನ ಹೆಸರು ಹೇಳ್ದೆ. ಪೂರ್ತಿ ಹೆಂಗಸು ಮಾಡಿಬಿಟ್ಟಿದೀಯ ಅವನನ್ನ."

ಆಗ ನೋರೀನ್ ಕೇಳಬೇಕಾದ ಪ್ರಶ್ನೆ ಒಂದೇ ಇತ್ತು, ಅದನ್ನು ಕೇಳಿದಳು ಕೂಡ: "ವರ್ನಾ, ಸುತ್ತ ಕಿಡಿ ಹಾರ್ತಿರೋವಾಗ ಯಾವ ಗಂಡಸಾದ್ರೂ ತಲೆ ಮೇಲಿನ ಟೊಪ್ಪಿ ತೆಗೆದು ತಂತಿ ಕತ್ತರಿಸೋ ಇಕ್ಕಳದ ಹಿಡಿಗೆ ಸುತ್ತುತಾನಾ? ನೀನು ಬೆಂಕಿ ನೋಡಿಲ್ವಾ?" ವರ್ನಾ ಬೆಂಕಿ ನೋಡಿದವಳೇ. ಒಂದು ಗಳಿಗೆ ಅವಳ ಹುಬ್ಬು ಗಂಟಾಯಿತು. ಆಮೇಲೆ ಮತ್ತೆ ಮೊಣಕೈ ಮುಟ್ಟಿ, "ಹಳೇ ಪದ್ಯಗಳಲ್ಲಿ ಹಾಗೇ ಕಣೇ, ಎಲ್ಲಕ್ಕೂ ಅರ್ಥ ಹುಡುಕಬಾರದು," ಎಂದಳು. ಮಳೆಯನ್ನೂ ಮಾರುಕಟ್ಟೆಯನ್ನೂ ಮಂತ್ರಿಗಳನ್ನೂ ನಂಬದ ಈ ಜನ, ಹಳೆಯ ಪದ್ಯ ಎಂದ ಕೂಡಲೇ ಇಗರ್ಜಿಯಲ್ಲಿ ನಿಂತವರಂತೆ ಆಗಿಬಿಡುತ್ತಾರೆ. ಕದ್ದವಳು ಎನ್ನಿಸಿಕೊಂಡದ್ದಕ್ಕಿಂತ ಕ್ಷಮಿಸಲ್ಪಟ್ಟವಳು ಎಂಬುದು ನೋರೀನಳಿಗೆ ಹೆಚ್ಚು ಉರಿಯಿತು. ರಾತ್ರಿಯಿಡೀ ಅದು ಎದೆಯಲ್ಲಿ ಅಜೀರ್ಣದ ಹಾಗೆ ಕೂತಿತ್ತು.

"ಎಷ್ಟು ಸಾಸೇಜು?" ಎಂದು ಒಲೆಯ ಹಿಂದಿನಿಂದ ಕೇಳಿದರು. ಎರಡು ತಟ್ಟೆ ತೆಗೆದುಕೊಂಡು ಮೂರನೆಯ ಸಾಲಿನ ಪೆಂಡಿಯ ಕಡೆಗೆ ನಡೆದಳು. ಅಲ್ಲಿ ಅವಳ ಗಂಡ ಲೆಸ್, ಕಾಲು ಚಾಚಿ, ಟೊಪ್ಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದ. ಎಪ್ಪತ್ತಮೂರು ವರ್ಷ, ಎರಡೂ ಕಿವಿಗೆ ಯಂತ್ರ. ಅದರಲ್ಲಿ ಎಡಗಿವಿಯದನ್ನು ಬೇಕಾದಾಗ ಮಾತ್ರ ಹಾಕಿಕೊಳ್ಳುತ್ತಾನೆ, ಅದೂ ಹೆಂಡತಿ ಬಲಗಡೆ ಕೂತಿದ್ದಾಗ. ಟೊಪ್ಪಿಯ ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ ಮಿರುಗುತ್ತಿತ್ತು. ಹತ್ತು ವರ್ಷದ ಹಿಂದೆ ಈ ಕೂಟದವರೇ ಕೊಟ್ಟದ್ದು: 'ಪರಂಪರೆಯ ರಕ್ಷಕ'. ಕಾಡುಪಾಲಾಗಬಹುದಾಗಿದ್ದ ಹಳೆಯ ಪದ್ಯವೊಂದನ್ನು ಉಳಿಸಿಕೊಟ್ಟದ್ದಕ್ಕಾಗಿ. ಆ ದಿನ ನೋರೀನ್ ಚಪ್ಪಾಳೆ ತಟ್ಟಿದ್ದಳು. ಬಿಲ್ಲೆಯನ್ನು ಟೊಪ್ಪಿಗೆ ಹೊಲಿದುಕೊಟ್ಟವಳೂ ಅವಳೇ, ದಪ್ಪ ದಾರ ಹಾಕಿ, ಬೀಳದಂತೆ.

"ಸಾಸು ಹಾಕಿಲ್ವಲ್ಲ," ಎಂದ ಲೆಸ್.

"ಕೈ ಇದೆಯಲ್ಲ ನಿಂಗೆ. ಹೋಗಿ ಹಾಕ್ಕೊ."

ಲೆಸ್ ಅವಳ ಮುಖ ನೋಡಿದ, ಟೊಮೆಟೊ ಸಾಸಿಲ್ಲದೆಯೇ ತಿನ್ನತೊಡಗಿದ. ಬೆಳಿಗ್ಗೆ ಕ್ಯಾರವಾನಿನಲ್ಲಿ ಜಗಳವಾಗಿತ್ತು. ಜಗಳ ಎಂದರೆ ಅವಳು ಮಾತಾಡಿದ್ದು, ಅವನು ಬೂಟಿನ ದಾರ ಕಟ್ಟಿದ್ದು. 'ವರ್ನಾ ಹತ್ರ ಹೋಗಿ ಒಂದೇ ಒಂದು ಮಾತು ಹೇಳು. ಈ ಭೂಮಿ ಮೇಲೆ ಗೊತ್ತಿರೋನು ನೀನೊಬ್ನೇ' ಎಂದು ಅವಳು ಕೇಳಿಕೊಂಡಿದ್ದಳು. ಕೇಳಿಕೊಂಡಿದ್ದಳು! ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಲೆಸ್ ಎರಡನೆಯ ಬೂಟಿಗೂ ದಾರ ಕಟ್ಟಿ ಮುಗಿಸಿ, "ಬಿಡೇ ನೋರೀನ್. ಪದ್ಯ ತಾನೇ? ಜನ ಕೇಳಿ ಖುಷಿಪಡ್ತಾರೆ. ಯಾರು ಬರೆದ್ರೆ ಏನು?" ಎಂದ. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, ಬಾಗಿಲ ಕಡೆ ತಿರುಗಿಕೊಂಡು, "ಈಗ ಹೋಗಿ ಹೇಳಿದ್ರೆ ಇಷ್ಟು ವರ್ಷ ಸುಳ್ಳು ಹೇಳ್ದ ಲೆಸ್ ಅಂತಾರೆ. ಡಾರ್ಸಿ ಮುಖ ಹೇಗೆ ನೋಡ್ಲಿ?" ಎಂದ. ಡಾರ್ಸಿಯ ಮುಖ! ನಲವತ್ತೈದು ವರ್ಷ ದಿನಾ ಬೆಳಿಗ್ಗೆ ಎದುರಿಗೆ ಕೂತು ಚಹಾ ಕುಡಿದ ಮುಖದ ಗತಿ ಏನಾಯಿತು ಎಂಬುದನ್ನು ಅವನು ಯೋಚಿಸಲಿಲ್ಲ. ಅವನು ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಎಂದೋ ಬೈದು ಮುಗಿಸಿರುತ್ತಿದ್ದಳು.

ಮೂವತ್ತೆಂಟು ವರ್ಷದ ಹಿಂದಿನ ಆ ದಿನವೂ ಕೆಟ್ಟತನ ಇರಲಿಲ್ಲ. ಅಗ್ನಿಶಾಮಕ ದಳಕ್ಕೆ ಹೊಸ ಲಾರಿ ಬೇಕೆಂದು ಪಬ್ಬಿನ ಹಿತ್ತಲಲ್ಲಿ ಶನಿವಾರ ಮಧ್ಯಾಹ್ನ ಕೂಟ ಮಾಡಿದ್ದರು. ಅದಕ್ಕೆಂದೇ ಅವಳು ಪದ್ಯ ಬರೆದದ್ದು. ಹೆಂಗಸರು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದರು. ಪಬ್ಬಿನಲ್ಲಿ ಎದ್ದು ನಿಂತು ಪದ್ಯ ಹೇಳುವುದು ಆ ಕಾಲಕ್ಕೆ ಗಂಡಸರ ಕೆಲಸ. ಆದ್ದರಿಂದ ಲೆಸ್ ಹೇಳುವುದೆಂದು ಮನೆಯಲ್ಲೇ ಮಾತಾಗಿತ್ತು. ಅವನು ಬಿಯರಿನ ಪೀಪಾಯಿಯ ಮೇಲೆ ಹತ್ತಿದ, ಎದುರಿಗೆ ಕುರಿಯ ಉಣ್ಣೆ ಕತ್ತರಿಸುವ ದಡೂತಿ ಆಳುಗಳು ನಿಂತಿದ್ದರು. ನೋರೀನ್ ಬೆಣ್ಣೆಯ ಚಾಕು ಹಿಡಿದು ಕೇಳುತ್ತಿದ್ದಂತೆಯೇ ಪದ್ಯದಲ್ಲಿದ್ದ ಅವಳ ಅಮ್ಮ ಡಲ್ಸಿ ನೆಡ್ ಆದಳು, ಏಪ್ರನ್ ಟೊಪ್ಪಿಯಾಯಿತು. ಅತ್ತೆಯನ್ನು ಹೊಗಳುವ ಪದ್ಯ ಹೇಳಿದ ಅಳಿಯ ಎಂದು ವರ್ಷವಿಡೀ ಗೇಲಿ ಮಾಡುತ್ತಾರಲ್ಲ ಎಂಬ ಭಯ, ಅಷ್ಟೇ. ಮುಗಿದಾಗ ಅಂಗಳವೆಲ್ಲ ಬೊಬ್ಬೆ ಹೊಡೆಯಿತು. ಯಾರೋ ಕೂಗಿದರು, "ಯಾರು ಬರ್ದಿದ್ದು ಮೇಟ್ ಇದು?" ಲೆಸ್ ಬೆಣ್ಣೆ ಹಚ್ಚುವ ಮೇಜಿನ ಕಡೆ ನೋಡಿದ. ಅವಳು ನೋಡಿದಳು. ಅವನಿಗೆ ಬೇಕಿದ್ದದ್ದು ಒಂದು ತಲೆಯಾಡಿಸುವಿಕೆ ಇರಬೇಕು. ಅವಳು ತಲೆಯಾಡಿಸಲಿಲ್ಲ, ನಕ್ಕಳು, ನಕ್ಕು ಬ್ರೆಡ್ಡಿನ ಕಡೆ ಬಾಗಿದಳು. "ಗೊತ್ತಿಲ್ಲಪ್ಪ, ಯಾವನೋ ಹಳೇ ಕುರಿಗಾಹಿ ಹೇಳ್ಕೊಟ್ಟಿದ್ದು," ಎಂದ ಲೆಸ್. ಅಷ್ಟರಲ್ಲಿ ಎಲ್ಲ ಮುಗಿದುಹೋಯಿತು.

ಆ ನಗು ಯಾಕೆ ನಕ್ಕೆ ಎಂದು ಮೂವತ್ತೆಂಟು ವರ್ಷದಿಂದ ತನ್ನನ್ನೇ ಕೇಳಿಕೊಂಡಿದ್ದಾಳೆ. ಬರೆದವಳೆಂದು ಗೊತ್ತಾದರೆ ಎಲ್ಲರೂ ತಿರುಗಿ ನೋಡುತ್ತಾರೆ, ಕೈಗೆ ಬೆಣ್ಣೆ ಮೆತ್ತಿದೆ, ಕೂದಲು ಬಾಚಿಲ್ಲ. ಇಷ್ಟೇ ಕಾರಣಕ್ಕೆ ಮನುಷ್ಯರು ತಮ್ಮ ತಾಯಿಯನ್ನು ಬಿಟ್ಟುಕೊಡುತ್ತಾರೆಯೇ? ಯಾಕೆಂದರೆ ಅಮ್ಮ ಅಲ್ಲೇ ಇದ್ದಳು, ನಾಲ್ಕು ಹೆಜ್ಜೆ ಆಚೆ, ಎಡಗೈಯಿಂದ ಚಹಾದ ಬಟ್ಟಲುಗಳನ್ನು ಒರೆಸುತ್ತ. ಬಲಗೈಯ ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಅಂಗೈಗೆ ಅಡ್ಡಲಾಗಿ ಹಳೆಯ ಸುಟ್ಟಗಾಯ, ತಂತಿಯ ಅಗಲದ ಬೆಳ್ಳನೆಯ ಗೆರೆ. ಡಲ್ಸಿ ಸಾಲು ಸಾಲನ್ನೂ ಕೇಳಿಸಿಕೊಂಡಳು. ಬಿಸಿಗಾಳಿ ತನ್ನದೇ, ಹೊಗೆ ತನ್ನದೇ, ಬೇಲಿಯ ಆಚೆ ಒಂದರ ಮೇಲೊಂದು ಬಿದ್ದು ಅರಚುತ್ತಿದ್ದ ಕುರಿಗಳು ಪಕ್ಕದ ಹೊಲದ ಹೋರನ್‌ನವೇ. ಕೆರೆಯ ನೀರಿನ ವಿಷಯಕ್ಕೆ ಒಂಬತ್ತು ವರ್ಷ ಇವರೊಡನೆ ಮಾತು ಬಿಟ್ಟಿದ್ದ ಆ ಹೋರನ್. ಆದರೆ ತಂತಿ ಕತ್ತರಿಸಿದವನು ಯಾವನೋ ನೆಡ್. ಹಿಂದಿರುಗುವಾಗ ಕಾರಿನಲ್ಲಿ ಅಮ್ಮ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. "ಪದ್ಯ ಚೆನ್ನಾಗಿತ್ತು," ಎಂದಳು. ಆಮೇಲೆ, "ಆ ನೆಡ್ ಅನ್ನೋನು ಯಾರು, ನೋರೀನ್?"

"ಪದ್ಯ ಅಲ್ವಾ ಅಮ್ಮ. ಪ್ರಾಸಕ್ಕೆ ಹಾಗೆ ಹಾಕ್ಬೇಕಾಗುತ್ತೆ."

ಪ್ರಾಸಕ್ಕೆ! ಆ ಹೆಸರು ಹಾಕಿದ ಕಡೆ ಪ್ರಾಸ ಕುಂಟುತ್ತಿತ್ತು. ಒಂದು ಪ್ರಾಸ ಕುಂಟಿದರೆ ಎರಡು ಅಂಕ ಕಡಿಯುವ ಈ ತೀರ್ಪುಗಾರರ ಕಿವಿಗೂ ಇಪ್ಪತ್ತು ವರ್ಷದಿಂದ ಅದು ಕೇಳಿಸಿಲ್ಲ, ಹಳೆಯದಲ್ಲವೇ, ಹಳೆಯದಕ್ಕೆ ಎಲ್ಲ ಮಾಫಿ. ಆದರೆ ಅಮ್ಮನಿಗೆ ಕೇಳಿಸಿತ್ತು ಎಂದು ನೋರೀನಳಿಗೆ ಖಾತ್ರಿ. ಅಮ್ಮ "ಹೌದಾ," ಎಂದಳು, ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು. ಎರಡು ವರ್ಷದ ಮೇಲೆ ಸತ್ತಳು, ಅರವತ್ತೆಂಟನೆಯ ವಯಸ್ಸಿನಲ್ಲಿ. ಹೋದ ತಿಂಗಳು ನೋರೀನಳಿಗೂ ಅರವತ್ತೆಂಟು ತುಂಬಿತು. ಕೇಕಿನ ಮುಂದೆ ನಿಂತಾಗ ಆ 'ಹೌದಾ' ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಮಾರನೆಯ ದಿನವೇ ಸ್ಪರ್ಧೆಯ ಅರ್ಜಿ ತುಂಬಿಸಿ, ಸಹಿ ಹಾಕಿ, ಅಂಚೆಗೆ ಹಾಕಿದ್ದಳು.

ವೇದಿಕೆಯ ಮೇಲೆ ಡಾರ್ಸಿ ಪೆಂಗೆಲಿ ಮೈಕನ್ನು ಬೆರಳಿಂದ ತಟ್ಟಿದ. ವೇದಿಕೆ ಎಂದರೆ ಚಕ್ರ ಕಳಚಿದ ಟ್ರೇಲರು. ಡಾರ್ಸಿ ಈ ಸೀಮೆಯಲ್ಲೆಲ್ಲ ಹೆಸರಾದ ಪದ್ಯಗಾರ. ತಿರುವಿದ ಮೀಸೆ, ಇಸ್ತ್ರಿ ಮಾಡಿದ ತೋಳಿಲ್ಲದ ಕೋಟು, ಒಂದು ದಿನವೂ ದನ ಅಟ್ಟದ ಹೊಸ ಬೂಟು. "ಬೆಳಗಿನ ನಮಸ್ಕಾರ ಕಳ್ಳರಾ!" ಎಂದ. "ರಾತ್ರಿ ಯಾರ್ಯಾರು ಎಷ್ಟೆಷ್ಟು ಕುಡಿದ್ರಿ ಅಂತ ನಿಮ್ಮ ಹೆಂಡ್ತೀರು ನಂಗೆ ಚೀಟಿ ಕೊಟ್ಟಿದಾರೆ. ಪದ್ಯ ತಪ್ಪಿಸ್ದೋರ ಚೀಟಿ ಓದ್ತೀನಿ." ಜನ ನಕ್ಕರು. ಹಿಂದಿನಿಂದ ಯಾರೋ, "ಬೇಲಿ ಹೇಳು ಡಾರ್ಸಿ!" ಎಂದು ಕೂಗಿದರು, ಇನ್ನಿಬ್ಬರು ದನಿಗೂಡಿಸಿದರು. ನೋರೀನಳ ಕೈಯಲ್ಲಿ ಫೋರ್ಕು ನಿಂತಿತು. ಪಕ್ಕದಲ್ಲಿ ಲೆಸ್ ಅಗಿಯುವುದನ್ನು ನಿಲ್ಲಿಸಲಿಲ್ಲ, ಆದರೆ ನಿಧಾನವಾಗಿ ಅಗಿದ.

ಈ ಜನರಲ್ಲಿ ಒಂದು ಪದ್ಧತಿ ಉಂಟು, ಅದನ್ನು ಯಾರೂ ಮುರಿಯುವುದಿಲ್ಲ. ಪದ್ಯ ಹೇಳುವ ಮೊದಲು ಅದನ್ನು ಬರೆದವರ ಹೆಸರು ಹೇಳಬೇಕು. ಕುಡುಕನಾದರೂ, ಆರು ವರ್ಷದ ಮಗುವಾದರೂ, ಹೆಸರು ಹೇಳದೆ ಬಾಯಿ ತೆರೆದರೆ ಕೆಳಗಿನಿಂದ "ಕವಿ ಯಾರು?" ಎಂಬ ಕೂಗು ಬರುತ್ತದೆ. ಡಾರ್ಸಿ ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡ. "ಪದ್ಯದ ಹೆಸರು 'ಬೇಲಿ'. ಕವಿ ಅಜ್ಞಾತ. ಯಾವನೋ ಹಳೇ ಕುರಿಗಾಹಿ, ಹೆಸರಿಲ್ದೆ ಬಂದ, ಹೆಸರಿಲ್ದೆ ಹೋದ, ಪುಣ್ಯಾತ್ಮ. ಅವನಿಂದ ಇಸ್ಕೊಂಡು ನಮಗೆ ಉಳಿಸಿಕೊಟ್ಟೋನು ನಮ್ಮ ಲೆಸ್ ಹ್ಯಾಲ್ಪಿನ್, ಅಕೋ ಅಲ್ಲಿ ಕೂತು ಮೂರನೇ ಸಾಸೇಜು ತಿಂತಿದಾನೆ." ಮುನ್ನೂರು ತಲೆಗಳು ತಿರುಗಿದವು. ಲೆಸ್ ಫೋರ್ಕು ಎತ್ತಿ ವಂದಿಸಿದ. ಎಲ್ಲರೂ ನಕ್ಕರು. ಆ ಮುನ್ನೂರು ನೋಟಗಳಲ್ಲಿ ಕೆಲವು, ಅವನ ಮೇಲಿಂದ ಜಾರುವಾಗ, ಪಕ್ಕದಲ್ಲಿ ಕೂತಿದ್ದ ಅವಳನ್ನೂ ಸವರಿಕೊಂಡು ಹೋದವು. ಪುಣ್ಯಾತ್ಮ! ಹೆಸರಿಲ್ಲದೆ ಹೋದನಂತೆ! ಇಲ್ಲೇ ಕೂತಿದ್ದಾಳೆ, ಮಂಡಿನೋವಿಗೆ ಮುಲಾಮು ಹಚ್ಚಿಕೊಂಡು, ನಿಮ್ಮ ಮೂಗಿನ ಕೆಳಗೇ ಕೂತಿದ್ದಾಳೆ.

ಡಾರ್ಸಿ ಶುರುಮಾಡಿದ. *ಪಡುವಣದ ಬೆಟ್ಟದಲಿ ಹೊಗೆಯೆದ್ದ ಮಧ್ಯಾಹ್ನ.* ಅವನು ಚೆನ್ನಾಗಿ ಹೇಳುತ್ತಾನೆ ಎಂಬುದೇ ಅನ್ಯಾಯ. ಕೆಟ್ಟದಾಗಿ ಹೇಳಬಾರದಿತ್ತೇ? ಗಾಳಿಯ ಸಾಲಿಗೆ ಬಂದಾಗ ದನಿಯನ್ನು ಎಷ್ಟು ತಗ್ಗಿಸಬೇಕೋ ಅಷ್ಟೇ ತಗ್ಗಿಸಿದ. ಕುರಿಗಳು ಬೇಲಿಗೆ ಒತ್ತಿಕೊಳ್ಳುವ ಕಡೆ ಉಸಿರು ಬಿಗಿಹಿಡಿದ. ಏಳು ವರ್ಷದ ನೋರೀನ್ ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಂತು ನೋಡಿದ್ದು ಕಣ್ಣ ಮುಂದೆ ಬಂತು. ಅಮ್ಮ ಉತ್ತ ಹೊಲಕ್ಕೆ ಅಡ್ಡಲಾಗಿ, ಬೂದುಬಣ್ಣದ ಹೆಂಟೆಗಳ ಮೇಲೆ ಎಡವುತ್ತ ಓಡುತ್ತಿದ್ದಾಳೆ. ಉತ್ತ ಹೊಲದಲ್ಲಿ ಸುಡಲು ಏನೂ ಇಲ್ಲ, ಕುರಿ ಇತ್ತ ಬಂದರೆ ಬದುಕಿಕೊಳ್ಳುತ್ತವೆ. ಅಮ್ಮ ಓಡುತ್ತಲೇ ಸೊಂಟದ ಹಿಂದೆ ಕೈಹಾಕಿ ಏಪ್ರನ್ನಿನ ಗಂಟು ಬಿಚ್ಚುತ್ತಿದ್ದಾಳೆ. ಗಂಟು ಬಿಚ್ಚುತ್ತಿಲ್ಲ. ಅವಳು ಬಯ್ಯುತ್ತಿದ್ದಾಳೆ, ಇಗರ್ಜಿಯಲ್ಲಿ ಆರ್ಗನ್ ನುಡಿಸುವ ಅಮ್ಮ, ಕೇಳಬಾರದ ಮಾತುಗಳಲ್ಲಿ ಬೆಂಕಿಯನ್ನೂ ಹೋರನ್‌ನನ್ನೂ ಬಯ್ಯುತ್ತಿದ್ದಾಳೆ. ನೋರೀನಳ ತೋಳಿನ ಮೇಲೆ ಕೂದಲು ನಿಂತವು. ತನ್ನ ಮೈ ಕೂಡ ಈ ಮನುಷ್ಯನ ಕಡೆ ಸೇರಿಕೊಂಡಿತಲ್ಲ ಎಂದು ಅವಳಿಗೆ ಸಿಟ್ಟು ಬಂತು. *ಟೊಪ್ಪಿಯನು ತೆಗೆದಾತ ಇಕ್ಕಳಕೆ ಸುತ್ತಿದನು* ಎಂದು ಡಾರ್ಸಿ, ತನ್ನ ಟೊಪ್ಪಿಯನ್ನೇ ಗಾಳಿಯಲ್ಲಿ ಸುತ್ತಿ ತೋರಿಸಿದ. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ನೋರೀನ್ ತಟ್ಟೆಯನ್ನು ಹುಲ್ಲಿನ ಮೇಲಿಟ್ಟು ಎದ್ದಳು. "ಎಲ್ಲಿಗೆ?" ಎಂದ ಲೆಸ್. ಅವಳು ಹೆಸರು ಬರೆಯುವ ಕಪ್ಪುಹಲಗೆಯ ಕಡೆ ಹೋಗಲೇ ಇಲ್ಲ, ನೇರವಾಗಿ ಟ್ರೇಲರಿನ ಮೆಟ್ಟಿಲಿಗೆ ನಡೆದಳು. ಮಂಡಿ ಕಟಕಟ ಎಂದಿತು. ಡಾರ್ಸಿ ಕೈಚಾಚಿ ಹತ್ತಿಸಿಕೊಂಡ. ಹಿಡಿಯಲು ಅವಳಿಗೆ ಇಷ್ಟವಿರಲಿಲ್ಲ, ಆದರೆ ಮೆಟ್ಟಿಲು ಎತ್ತರವಾಗಿತ್ತು. "ಅಬ್ಬಾ, ನಮ್ಮ ಸ್ಕೋನ್ ರಾಣಿ!" ಎಂದು ಮೈಕಿಗೆ ಹೇಳಿದ. "ತಿಂಡಿ ಖಾಲಿ ಆಯ್ತಾ ನೋರೀನ್, ಅಥವಾ ಪದ್ಯ ಇದೆಯಾ?"

"ಪದ್ಯ ಇದೆ," ಎಂದಳು. ಮೈಕಿನಲ್ಲಿ ತನ್ನ ದನಿ ಯಾರೋ ಮುದುಕಿಯದರಂತೆ ಕೇಳಿಸಿತು. ಕೆಳಗೆ ಮುಖಗಳು, ತಟ್ಟೆಗಳು, ಅಗಿಯುವ ದವಡೆಗಳು. ಮೊದಲು ಹೆಸರು ಹೇಳಬೇಕು. ಕ್ಯಾರವಾನಿನ ಕನ್ನಡಿಯ ಮುಂದೆ ಬೆಳಿಗ್ಗೆ ಅದನ್ನೇ ಹೇಳಿ ನೋಡಿದ್ದಳು, ಸಲೀಸಾಗಿ ಬಂದಿತ್ತು. ಈಗ ಹೆಸರು ಬರಲಿಲ್ಲ. ಕೈಗೆ ಬೆಣ್ಣೆ ಮೆತ್ತಿದೆ ಎನ್ನಿಸಿ ಸ್ಕರ್ಟಿಗೆ ಒರೆಸಿಕೊಂಡಳು, ಬೆಣ್ಣೆ ಇರಲಿಲ್ಲ. ಹೆಸರು ಬಿಟ್ಟು, ಉಸಿರು ಎಳೆದುಕೊಂಡು, ನೇರ ಪದ್ಯಕ್ಕೇ ಹಾರಿದಳು. *ಪಡುವಣದ ಬೆಟ್ಟದಲಿ...*

"ಕವಿ ಯಾರು?" ಎಂದು ಹಿಂದಿನಿಂದ ಕೂಗಿದರು. "ಈಗ ತಾನೇ ಹೇಳಿದ್ರಲ್ಲ ಇದನ್ನ!" ಎಂದಳು ಇನ್ನೊಬ್ಬಳು, ಪಿಸುದನಿಯಲ್ಲೇ, ಆದರೆ ಎಲ್ಲರಿಗೂ ಕೇಳುವಂತೆ. ಒಬ್ಬರು ಹೇಳಿದ ಪದ್ಯವನ್ನು ಅವರ ಬೆನ್ನಿಗೇ ಮತ್ತೊಬ್ಬರು ಹೇಳುವುದು ಇಲ್ಲಿ ಮಹಾ ಅವಮರ್ಯಾದೆ. ತೀರ್ಪುಗಾರರ ಮೇಜಿನಲ್ಲಿ ವರ್ನಾ ಹಣೆ ಹಿಡಿದುಕೊಂಡದ್ದು ಕಾಣಿಸಿತು. ನೋರೀನ್ ನಿಲ್ಲಿಸಲಿಲ್ಲ. ಗಾಳಿ ದಾಟಿದಳು, ಹೊಗೆ ದಾಟಿದಳು, ಕುರಿಗಳ ತನಕ ಬಂದಳು, ತಂತಿಯ ತನಕ ಬಂದಳು. *ಕಾದಿತ್ತು ಕಬ್ಬಿಣದ ತಂತಿ ಕೆಂಡದ ಹಾಗೆ.* ಅಲ್ಲಿ ನಿಂತುಹೋಯಿತು. ಮುಂದಿನ ಸಾಲು ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಅಮ್ಮನ 'ಹೌದಾ' ಇತ್ತು, ಹಳದಿ ಕಾಗದ ಇತ್ತು, ಡಾರ್ಸಿಯ ಟೊಪ್ಪಿ ಗಾಳಿಯಲ್ಲಿ ಸುತ್ತುತ್ತಿತ್ತು. ಸಾಲು ಮಾತ್ರ ಇರಲಿಲ್ಲ. ತಗಡಿನ ಮೇಲೆ ಗಲಾ ಗಿಳಿಗಳು ಕಚಪಚ ಓಡಾಡಿದವು.

ಈ ಜನ ಒಳ್ಳೆಯವರು. ವೇದಿಕೆಯ ಮೇಲೆ ಸಾಲು ಮರೆತವರನ್ನು ಎಂದೂ ಒಂಟಿಯಾಗಿ ನಿಲ್ಲಲು ಬಿಡುವುದಿಲ್ಲ. ಸ್ಪರ್ಧೆಯಲ್ಲಾದರೆ ನೆನಪಿಸಿದರೆ ಅಂಕ ಹೋಗುತ್ತದೆ, ತಿಂಡಿಯ ಹೊತ್ತಿನಲ್ಲಿ ಅಂಥ ಕಟ್ಟುನಿಟ್ಟಿಲ್ಲ. ಮೊದಲು ಒಬ್ಬಳು ತುಟಿಯಾಡಿಸಿದಳು, ಆಮೇಲೆ ಒಂದು ಸಾಲಿನ ಜನ, ಆಮೇಲೆ ಇಡೀ ಚಪ್ಪರ. ಮುನ್ನೂರು ಬಾಯಿಗಳು, ಪ್ರೀತಿಯಿಂದ, ಮಗುವಿಗೆ ಅಕ್ಷರ ಕಲಿಸುವಂತೆ ನಿಧಾನವಾಗಿ: *ಟೊಪ್ಪಿಯನು ತೆಗೆದಾತ ಇಕ್ಕಳಕೆ ಸುತ್ತಿದನು.* ನೋರೀನ್ ಕೇಳಿಸಿಕೊಂಡಳು. ತನ್ನ ಪದ್ಯವನ್ನು ತನಗೇ ಹೇಳಿಕೊಡುತ್ತಿದ್ದಾರೆ. ತಾಳ ಒಂದಿಷ್ಟೂ ತಪ್ಪಿರಲಿಲ್ಲ. ಅವರು ಹೇಳಿಕೊಟ್ಟು ಮುಗಿಸಿ, ಹುರಿದುಂಬಿಸುವ ನಗೆಯೊಂದಿಗೆ ಅವಳಿಗಾಗಿ ಕಾದರು. ಹೇಳು ಅಜ್ಜಿ, ಹೇಳು.

"ಟೊಪ್ಪಿ ಅಲ್ಲ," ಎಂದಳು ನೋರೀನ್.

"ಟೊಪ್ಪಿನೇ ಕಣಮ್ಮ," ಎಂದು ಮುಂದಿನ ಸಾಲಿನ ಮುದುಕನೊಬ್ಬ ಸಮಾಧಾನದ ದನಿಯಲ್ಲಿ ಹೇಳಿದ.

"ಟೊಪ್ಪಿ ಅಲ್ಲ ಅಂದ್ನಲ್ಲ!"

ಡಾರ್ಸಿ ಹತ್ತಿರ ಬಂದು, ಮೈಕಿಗೆ ಕೇಳದಂತೆ, "ಇಳಿದುಬಿಡು ನೋರೀನ್, ಪರವಾಗಿಲ್ಲ, ಬಿಸಿಲು ಜಾಸ್ತಿ," ಎಂದ. ಅವಳು ಮೈಕಿನ ಕಂಬವನ್ನು ಹಿಡಿದುಕೊಂಡಳು. ಸಾಲು ಇನ್ನೂ ಬಂದಿರಲಿಲ್ಲ. ಈಗ ಇಳಿದರೆ ಮುಗಿಯಿತು: ಪದ್ಯ ಕದ್ದ ಮುದುಕಿ, ಪಾಪ, ಕದ್ದದ್ದನ್ನೂ ಮರೆತಳು ಎಂದು ಮುಂದಿನ ವರ್ಷ ಸ್ಕೋನು ತಿನ್ನುತ್ತ ಮಾತಾಡಿಕೊಳ್ಳುತ್ತಾರೆ; ಅಮ್ಮ ಇನ್ನು ಯಾವತ್ತಿಗೂ ನೆಡ್ ಆಗಿಯೇ ಉಳಿಯುತ್ತಾಳೆ. ಆಗ ಮೂರನೆಯ ಸಾಲಿನಿಂದ ದನಿ ಬಂತು. ಕಿವುಡರ ದನಿ, ತಾವು ಎಷ್ಟು ಜೋರಾಗಿ ಮಾತಾಡುತ್ತಿದ್ದೇವೆ ಎಂದು ಗೊತ್ತಿಲ್ಲದವರದು, ಮೈಕೇ ಬೇಡದಂಥದು.

*ಏಪ್ರನ್ನು ಬಿಚ್ಚಿದಳು, ಇಕ್ಕಳಕೆ ಸುತ್ತಿದಳು.*

ಲೆಸ್ ಎದ್ದು ನಿಂತಿದ್ದ. ಟೊಪ್ಪಿ ಮೊಣಕಾಲಿನಿಂದ ಕೆಳಗೆ ಬಿದ್ದಿತ್ತು. ಯಾರನ್ನೂ ನೋಡದೆ, ಶಾಲೆಯ ಹುಡುಗನಂತೆ ಕೈಗಳನ್ನು ಪಕ್ಕಕ್ಕಿಟ್ಟುಕೊಂಡು, ಮುಂದಿನ ಸಾಲನ್ನೂ ಹೇಳಿದ, ಅದರ ಮುಂದಿನದನ್ನೂ ಹೇಳಿದ:

*ಹಗೆಯವನ ಬೇಲಿಯನು ಹಗಲಲ್ಲೆ ಕತ್ತರಿಸಿ*
*ಕುರಿಗಳನು ತನ್ನ ಹೊಲದೊಳಗೆ ಬಿಟ್ಟಳು ಡಲ್ಸಿ.*

ಪ್ರಾಸ ಬಂದು ಕೂತಿತು. ಬೇರೇನೂ ತಿಳಿಯದಿದ್ದರೂ ಆ ಸದ್ದು ತಿಳಿಯುವ ಮುನ್ನೂರು ಕಿವಿಗಳಿಗೆ ಅದು ಕೇಳಿಸಿತು. ವರ್ನಾಳ ತಲೆ ಮೇಲಕ್ಕೆದ್ದಿತು. "ಡಲ್ಸಿ ಯಾರು?" ಎಂದು ಯಾರೋ ಕೇಳಿದರು. "ನಮ್ಮತ್ತೆ," ಎಂದ ಲೆಸ್, ಅದೇ ದೊಡ್ಡ ದನಿಯಲ್ಲಿ. "ಇವಳು ಬರ್ದಿದ್ದು. ನಾನು ಆವತ್ತು..." ಎಂದು ಶುರುಮಾಡಿ, ಸುತ್ತ ನೋಡಿ, ಮುಂದೆ ಹೇಳಲಾರದೆ ನಿಂತ.

ನೋರೀನಳ ಕಣ್ಣು ತುಂಬಿತು. ಒಂದು ಕ್ಷಣ, ನಲವತ್ತೈದು ವರ್ಷದ ಅಭ್ಯಾಸದಿಂದ, ಅವನ ಮೇಲೆ ಕೃತಜ್ಞತೆ ಉಕ್ಕಿ ಬಂತು. ಬಾಯಿಯವರೆಗೆ ಬಂದ 'ಥ್ಯಾಂಕ್ಸ್ ಲೆಸ್' ಎಂಬ ಮಾತನ್ನು ಅವಳು ಹಲ್ಲಿನ ಹಿಂದೆಯೇ ತಡೆದಳು. ಯಾಕೆಂದರೆ ಅಷ್ಟರಲ್ಲಿ ಅವಳಿಗೆ ಹೊಳೆದಿತ್ತು: ಅವನಿಗೆ ಒಂದಕ್ಷರವೂ ಮರೆತಿಲ್ಲ. ಮೂವತ್ತೆಂಟು ವರ್ಷ ಪಬ್ಬುಗಳಲ್ಲಿ, ಮೈದಾನಗಳಲ್ಲಿ, ಡಾರ್ಸಿಯ ಪಕ್ಕದಲ್ಲಿ ನಿಂತು ಟೊಪ್ಪಿ ಟೊಪ್ಪಿ ಎಂದು ಹೇಳುವಾಗಲೆಲ್ಲ ಅವನ ನಾಲಿಗೆಯ ಕೆಳಗೆ ಏಪ್ರನ್ ಇತ್ತು. ಅವನು ಮರೆತಿರಬೇಕು, ನಿಜವಾಗಿಯೂ ಮರೆತಿರಬೇಕು ಎಂದುಕೊಂಡೇ ಅವಳು ಇಷ್ಟು ವರ್ಷ ಅವನನ್ನು ಸಹಿಸಿದ್ದು. ಬರೆದವಳು ಮರೆತಳು, ಕದ್ದವನು ಇಟ್ಟುಕೊಂಡ! ಹಿತ್ತಾಳೆಯ ಬಿಲ್ಲೆ ಹುಲ್ಲಿನ ನಡುವೆ ಬಿಸಿಲಿ‌ಗೆ ಹೊಳೆಯಿತು. ದಪ್ಪ ದಾರದ ಹೊಲಿಗೆ ಗಟ್ಟಿಯಾಗಿತ್ತು, ಬಿದ್ದರೂ ಬಿಲ್ಲೆ ಕಳಚಿರಲಿಲ್ಲ.

"ಕೂತ್ಕೋ, ಲೆಸ್," ಎಂದಳು.

ಅವನು ಕಿವಿಗೆ ಕೈಯೊಡ್ಡಿದ.

"ಕೂತ್ಕೋ ಅಂದೆ. ನಂದು ನಾನು ಹೇಳ್ಕೋತೀನಿ."

ಅವನು ಕೂತ. ಯಾರೋ ನಗಲು ಹೊರಟು ನಿಲ್ಲಿಸಿದರು. ಡಾರ್ಸಿ ತನ್ನ ಟೊಪ್ಪಿಯನ್ನು ಕೈಯಲ್ಲಿ ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯದೆ, ಒಮ್ಮೆ ತಲೆಗಿಟ್ಟು, ಮತ್ತೆ ತೆಗೆದು, ಮೆಟ್ಟಿಲಿಳಿದ. ನೋರೀನ್ ಮೈಕಿನ ಕಂಬವನ್ನು ಬಿಟ್ಟಳು. ಬಲ ಅಂಗೈಯಲ್ಲಿ ಕಬ್ಬಿಣದ ಗುರುತು ಅಡ್ಡಗೆರೆಯಾಗಿ ಕೆಂಪಗೆ ಮೂಡಿತ್ತು. ಅದನ್ನು ಮುಚ್ಚಿಕೊಳ್ಳಲಿಲ್ಲ.

"ಮೊದಲಿಂದ ಹೇಳ್ತೀನಿ," ಎಂದಳು. "ಪದ್ಯದ ಹೆಸರು 'ಬೇಲಿ'. ಬರೆದವಳು ನೋರೀನ್ ಹ್ಯಾಲ್ಪಿನ್. ಬೇಲಿ ಕತ್ತರಿಸಿದವಳು ನಮ್ಮಮ್ಮ. ಯಾರೂ ಹೇಳಿಕೊಡಬೇಕಾಗಿಲ್ಲ."

*ಪಡುವಣದ ಬೆಟ್ಟದಲಿ ಹೊಗೆಯೆದ್ದ ಮಧ್ಯಾಹ್ನ.* ಈ ಸಲ ಚಪ್ಪರದಲ್ಲಿ ಯಾರ ತುಟಿಯೂ ಅಲುಗಲಿಲ್ಲ.